ಸೋಡಾಗೆ ವಿನೆಗರ್ ಸುರಿದರೆ ಜಿಡ್ಡು ಹೋಗುತ್ತಾ?

ಪ್ರಶ್ನೆ: ಒಲೆಯ ಹಿಂದಿನ ಟೈಲ್ಸ್ ಮೇಲೆ ಅಂಟಂಟು ಜಿಡ್ಡು ಕೂತಿದೆ. ಅಡುಗೆ ಸೋಡಾ, ವಿನೆಗರ್ ಯಾವ ಪ್ರಮಾಣದಲ್ಲಿ ಬೆರೆಸಬೇಕು?

ಬೆರೆಸಲೇಬೇಡಿ. ಈ ಉತ್ತರ ನನಗೆ ಬಾಯಿಪಾಠ ಆಗಿಬಿಟ್ಟಿದೆ. ಆದರೂ ನೊರೆ ಉಕ್ಕಿಸುವ ವಿಡಿಯೊಗಳು ನಿಲ್ಲುವಂತೆ ಕಾಣುತ್ತಿಲ್ಲ, ಹಾಗಾಗಿ ಇನ್ನೊಮ್ಮೆ.

ಜಿಡ್ಡಿಗೆ ಸೋಡಾ ಸಾಕು. ಮೂರು ಚಮಚ ಸೋಡಾಗೆ ಒಂದು ಚಮಚ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ನಾಲ್ಕು ಹನಿ. ಹಚ್ಚಿ, 15 ನಿಮಿಷ ಬಿಟ್ಟು, ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ. ಮುಗಿಯಿತು.

‘ನೊರೆ ಬಂದರೆ ಕೆಲಸ ಆಗ್ತಿದೆ ಅಂತ ಅಲ್ವಾ?’ ಆಗ್ತಿದೆ, ಆದರೆ ನಿಮ್ಮ ಕೆಲಸ ಅಲ್ಲ. ಸೋಡಾ ಕ್ಷಾರ, ವಿನೆಗರ್ ಆಮ್ಲ. ಸೇರಿದ ಕೂಡಲೇ ಒಂದನ್ನೊಂದು ಮುಗಿಸಿಹಾಕುತ್ತವೆ. ಮೇಲೇಳುವ ಗುಳ್ಳೆ ಬರೀ ಕಾರ್ಬನ್ ಡೈಆಕ್ಸೈಡ್. ಕೆಳಗೆ ಉಳಿಯುವುದು ನೀರು ಮತ್ತು ಸೋಡಿಯಂ ಅಸಿಟೇಟ್ ಎಂಬ ಲವಣ. ಅದು ಜಿಡ್ಡಿನ ತಂಟೆಗೇ ಹೋಗುವುದಿಲ್ಲ. ಶೇ 5ರಷ್ಟು ಆಮ್ಲ ಇರುವ ವಿನೆಗರ್ 200 ಮಿ.ಲೀ. ಸುರಿದರೆ ಸುಮಾರು 14 ಗ್ರಾಂ ಸೋಡಾ ಪೂರ್ತಿ ವ್ಯರ್ಥ. ಎರಡು ಒಳ್ಳೆಯ ಸಾಮಾನು ಕೊಟ್ಟು ಉಪ್ಪುನೀರು ಕೊಂಡ ಲೆಕ್ಕ!

‘ನಮ್ಮನೇಲಿ ಚೆನ್ನಾಗೇ ಹೋಯ್ತಲ್ಲ’ ಎನ್ನುತ್ತೀರಿ. ಹೋಗಿರುತ್ತದೆ. ನೀವು ಉಜ್ಜಿದ್ದೀರಿ. ಜಾಸ್ತಿ ಬಿದ್ದ ಸೋಡಾ ಕರಗದೆ ಪುಡಿಯಾಗಿಯೇ ಉಳಿದು ಜಿಡ್ಡನ್ನು ಕೆರೆದಿದೆ. ದುಡಿದದ್ದು ನಿಮ್ಮ ಕೈ, ಹೆಸರು ಮಾತ್ರ ನೊರೆಗೆ. ಅನುಮಾನ ಇದ್ದರೆ ಅರ್ಧ ಟೈಲ್‌ಗೆ ಸುಮ್ನೆ ಸೋಡಾ ಪೇಸ್ಟ್, ಇನ್ನರ್ಧಕ್ಕೆ ಆ ಮಿಶ್ರಣ ಹಚ್ಚಿ ನೋಡಿ. ಇನ್ನು ಮಿಶ್ರಣವನ್ನು ಬಾಟಲಿಗೆ ತುಂಬಿ ಮುಚ್ಚಳ ಬಿಗಿದಿಡುವವರೂ ಇದ್ದಾರೆ. ಒಳಗಿನ ಗ್ಯಾಸಿನ ಒತ್ತಡಕ್ಕೆ ಬಾಟಲಿ ಸಿಡಿಯಬಹುದು. ದಯವಿಟ್ಟು ಬೇಡ.

ಹಳೆಯ ಜಿಡ್ಡು ಒಂದೇ ಸಲಕ್ಕೆ ಹೋಗದಿದ್ದರೆ ಸೋಡಾವನ್ನು ಬೈಯಬೇಡಿ. ಬಿಸಿ ಮತ್ತು ಗಾಳಿಗೆ ಸಿಕ್ಕ ಎಣ್ಣೆ ದಿನ ಕಳೆದಂತೆ ಗಟ್ಟಿ ಪದರವಾಗುತ್ತದೆ. ಇನ್ನೊಮ್ಮೆ ಹಚ್ಚಿ, ಅಷ್ಟೇ.

ಯಾರೂ ಕೇಳದ ಒಂದು ಮಾತು: ಅಲ್ಯೂಮಿನಿಯಂ. ಪಾತ್ರೆಯನ್ನೋ ಚಿಮಣಿಯ ಜಾಲರಿಯನ್ನೋ ಕುದಿಯುವ ಸೋಡಾ ನೀರಲ್ಲಿ ನೆನೆಸಿ, ಕಪ್ಪಾದ ಮೇಲೆ ಗಾಬರಿಯಾಗುತ್ತಾರೆ. ಕುದಿಸಿದಾಗ ಅಡುಗೆ ಸೋಡಾ ನಿಧಾನವಾಗಿ ವಾಷಿಂಗ್ ಸೋಡಾ ಆಗುತ್ತದೆ, ಅಂದರೆ ಕ್ಷಾರ ಇನ್ನೂ ಖಾರ. ಅಲ್ಯೂಮಿನಿಯಂ ಮೇಲಿನ ತೆಳು ಆಕ್ಸೈಡ್ ಪದರ ಅದಕ್ಕೆ ತಡೆಯುವುದಿಲ್ಲ. ಹೀಗೆ ಕಪ್ಪಾದ ಪಾತ್ರೆಯಲ್ಲಿ ನೀರಿಗೆ ಸ್ವಲ್ಪ ವಿನೆಗರ್ ಹಾಕಿ ಹತ್ತು ನಿಮಿಷ ಕುದಿಸಿ. ಬಣ್ಣ ಬಹುಪಾಲು ತಿಳಿಯಾಗುತ್ತದೆ. ವಿನೆಗರ್ ಬಾಟಲಿಯನ್ನು ಇಂಥದ್ದಕ್ಕೆ ಎತ್ತಿಡಿ, ನಲ್ಲಿಯ ಬಿಳಿ ಕಲೆಗೂ ಆಗುತ್ತದೆ.