ಹಳೇ ಸಿಡಿ ಹುಡುಕುವವರು ನಿಜವಾಗಿ ಹುಡುಕುವುದೇನು?

ಒಂದೇ ಆಲ್ಬಂನ ಮೂರು ಮೂರು ಸಿಡಿ ಇಟ್ಟುಕೊಂಡವರನ್ನು ಕಂಡರೆ ಮನೆಯವರಿಗೆ ತಲೆ ಕೆಡುತ್ತದೆ. ಹಾಡು ಅದೇ, ಹಾಡಿದವರು ಅವರೇ, ಕವರ್ ಕೂಡ ಅದೇ. ಮತ್ಯಾಕೆ ಮೂರು? ಎಲ್‌ಪಿ, ಅಂದರೆ ಗ್ರಾಮಫೋನ್ ಪ್ಲೇಟು ಸಂಗ್ರಹಿಸುವವರನ್ನು ಯಾರೂ ಹೀಗೆ ಕೇಳುವುದಿಲ್ಲ. ಒಂದೊಂದು ಪ್ಲೇಟೂ ಒಂದೊಂದು ಥರ ಇರುತ್ತದೆ ಅಂತ ಎಲ್ಲರೂ ಒಪ್ಪಿಕೊಂಡಿದ್ದಾರೆ. ಸಿಡಿಯಲ್ಲಿ ಇರುವುದು ಬರೀ ಅಂಕಿ ಅಲ್ವಾ, ಅಂಕಿ ಎಲ್ಲ ಕಡೆ ಒಂದೇ ಇರಬೇಕಲ್ಲ?

ಇರಬೇಕು ನಿಜ. ಆದರೆ ಯಾವ ಅಂಕಿ ಅನ್ನುವುದೇ ಇಲ್ಲಿ ವಿಷಯ.

ನೆದರ್‌ಲ್ಯಾಂಡ್ಸ್‌ನ ಫಿಲಿಪ್ಸ್ ಮತ್ತು ಜಪಾನಿನ ಸೋನಿ 1979ರಲ್ಲಿ ಕೈಜೋಡಿಸಿ, ಮರುವರ್ಷ ಒಂದು ನಿಯಮದ ಪುಸ್ತಕ ತಯಾರಿಸಿದವು. ಅದರ ಹೆಸರು ರೆಡ್ ಬುಕ್. 1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಮೊದಲ ಪ್ಲೇಯರ್ ಅಂಗಡಿಗೆ ಬಂತು, ಸೋನಿಯ ಸಿಡಿಪಿ-101. ತಟ್ಟೆಯ ಅಗಲ 12 ಸೆಂಟಿಮೀಟರ್, ದಪ್ಪ 1.2 ಮಿಲಿಮೀಟರ್. ಬೀಥೋವನ್‌ನ ಒಂಬತ್ತನೇ ಸಿಂಫನಿ ಪೂರ್ತಿ ಹಿಡಿಯಲಿ ಅಂತ ಈ ಅಳತೆ ಇಟ್ಟರು ಎಂಬ ಕಥೆ ಎಲ್ಲರಿಗೂ ಗೊತ್ತು. ಆ ಕೆಲಸದಲ್ಲೇ ಇದ್ದ ಎಂಜಿನಿಯರ್ ಕೀಸ್ ಇಮ್ಮಿಂಕ್ ಅದನ್ನು ಅಷ್ಟಾಗಿ ನಂಬುವುದಿಲ್ಲ. ಫಿಲಿಪ್ಸ್‌ಗೆ 11.5 ಸೆಂಟಿಮೀಟರ್ ಬೇಕಿತ್ತು, ಸೋನಿಗೆ ಬೇಡವಾಗಿತ್ತು, ಹಿಂದೆ ವ್ಯಾಪಾರದ ಲೆಕ್ಕಾಚಾರ ಇತ್ತು ಅನ್ನುವುದು ಅವರ ಮಾತು. ನನಗೂ ಅದೇ ಸರಿ ಅನ್ನಿಸುತ್ತದೆ. ಕಂಪನಿಗಳು ಸಿಂಫನಿಗೋಸ್ಕರ ದುಡ್ಡು ಸುರಿಯುವುದು ಕಡಿಮೆ.

ಇನ್ನು ಅಂಕಿಯ ವಿಷಯ. ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಒಂದಕ್ಕೆ ಕೂರಿಸುತ್ತಾರೆ. ಎಡಕ್ಕೊಂದು, ಬಲಕ್ಕೊಂದು. ಮನುಷ್ಯನ ಕಿವಿಗೆ ಕೇಳುವುದು ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನ, ಅದೂ ಚಿಕ್ಕ ವಯಸ್ಸಿನಲ್ಲಿ. ಒಂದು ಕಂಪನವನ್ನು ಪೂರ್ತಿ ಹಿಡಿಯಲು ಅದರ ಎರಡು ಪಟ್ಟಿಗಿಂತ ಜಾಸ್ತಿ ಸಲ ಅಳೆದರೆ ಸಾಕು ಅನ್ನುವುದು ಗಣಿತದಲ್ಲಿ ಸಾಬೀತಾದ ಮಾತು. ಹಾಗಾದರೆ 40,000ಕ್ಕಿಂತ ಚೂರು ಮೇಲೆ ಸಾಕಿತ್ತು, ಈ 44,100 ಎಲ್ಲಿಂದ ಬಂತು? ಆಗ ಇಷ್ಟೊಂದು ಡಿಜಿಟಲ್ ಮಾಹಿತಿ ಹಿಡಿಯಬಲ್ಲ ಹಾರ್ಡ್ ಡಿಸ್ಕ್ ಸ್ಟುಡಿಯೋಗಳಲ್ಲಿ ಇರಲಿಲ್ಲ, ಹಾಗಾಗಿ ವಿಡಿಯೋ ಟೇಪನ್ನೇ ಬಳಸುತ್ತಿದ್ದರು. ಟಿವಿ ಚಿತ್ರದ ಒಂದು ಗೆರೆಗೆ ಮೂರು ಅಳತೆ, ಒಂದು ಫೀಲ್ಡಿಗೆ, ಅಂದರೆ ಅರ್ಧ ಚಿತ್ರಕ್ಕೆ, 245 ಗೆರೆ, ಸೆಕೆಂಡಿಗೆ 60 ಫೀಲ್ಡ್. ಗುಣಿಸಿ ನೋಡಿ, 44,100 ಬರುತ್ತದೆ. ಹಾಡಿಗೂ ಈ ಅಂಕಿಗೂ ಏನೂ ಸಂಬಂಧವಿಲ್ಲ, ಅದು ಟಿವಿಯ ಲೆಕ್ಕ!

ಈ ಅಂಕಿಗಳೆಲ್ಲ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ಮೇಲೆ ಸಣ್ಣ ಸಣ್ಣ ಗುಳಿಗಳಾಗಿ ಅಚ್ಚಾಗಿರುತ್ತವೆ. ಗುಳಿಯ ಅಗಲ ಸುಮಾರು ಅರ್ಧ ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಭಾಗ. ಒಳಗಿನಿಂದ ಹೊರಕ್ಕೆ ಸುರುಳಿ ಸುತ್ತುವ ಈ ಸಾಲನ್ನು ಬಿಚ್ಚಿ ಉದ್ದಕ್ಕೆ ಎಳೆದರೆ ಐದು ಕಿಲೋಮೀಟರಿಗೂ ಜಾಸ್ತಿ ಆಗುತ್ತದೆ. ಓದುವುದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಲೇಸರ್. ಗುಳಿಯ ಆಳವನ್ನು ಲೇಸರ್ ಅಲೆಯ ಉದ್ದದ ಹೆಚ್ಚುಕಡಿಮೆ ಕಾಲು ಭಾಗ ಇಟ್ಟಿದ್ದಾರೆ. ಗುಳಿಯಿಂದ ಬಂದ ಬೆಳಕೂ ಅಕ್ಕಪಕ್ಕದ ಸಮತಟ್ಟಿನಿಂದ ಬಂದ ಬೆಳಕೂ ಹೋಗಿ ಬರುವಷ್ಟರಲ್ಲಿ ಅರ್ಧ ಅಲೆಯಷ್ಟು ಹಿಂದೆ ಮುಂದೆ ಆಗಿ, ಒಂದನ್ನೊಂದು ಅಳಿಸಿಬಿಡುತ್ತವೆ. ಹಾಗಾಗಿ ಗುಳಿ ಬಂದಾಗ ಬೆಳಕು ಮಂಕಾಗುತ್ತದೆ, ಮುಗಿದಾಗ ಮತ್ತೆ ಹೊಳೆಯುತ್ತದೆ. ಈ ಬದಲಾವಣೆ ಆದ ಜಾಗವೇ 1, ಬದಲಾಗದೆ ಉಳಿದದ್ದೆಲ್ಲ 0. ಮುಳ್ಳಿಲ್ಲ, ಉಜ್ಜಾಟವಿಲ್ಲ. ಸಾವಿರ ಸಲ ಹಾಕಿದರೂ ಕೇಳಿದ್ದರಿಂದ ತಟ್ಟೆ ಸವೆಯುವುದಿಲ್ಲ.

ಗೀರು ಬಿದ್ದರೆ? ಸಿಡಿ ಮಾಡಿದವರ ಜಾಣತನ ಕಾಣುವುದು ಇಲ್ಲೇ. ತಟ್ಟೆ ಕೊಳೆಯಾಗುತ್ತದೆ, ಕೈಜಾರಿ ಬೀಳುತ್ತದೆ, ಮಕ್ಕಳ ಕೈಗೆ ಸಿಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿಟ್ಟಿದ್ದಾರೆ. ಹಿಂದಿನ ಕಾಲದವರು ಒಡವೆಯನ್ನೆಲ್ಲ ಒಂದೇ ಕಡೆ ಇಡದೆ ಅಕ್ಕಿ ಡಬ್ಬಿಯಲ್ಲೊಂದು, ಬೇಳೆ ಡಬ್ಬಿಯಲ್ಲೊಂದು ಬಚ್ಚಿಡುತ್ತಿದ್ದರಲ್ಲ, ಹಾಗೇ ಅಕ್ಕಪಕ್ಕದ ಅಂಕಿಗಳನ್ನು ಬಿಡಿಸಿ ದೂರ ದೂರದ ಜಾಗಗಳಲ್ಲಿ ಹರಡಿರುತ್ತಾರೆ. ಒಂದು ಗೀರಿನಿಂದ ಒಂದಷ್ಟು ಜಾಗ ಹಾಳಾದರೂ ಹಾಡಿನ ಒಂದೇ ಕ್ಷಣ ಪೂರ್ತಿ ಹೋಗುವುದಿಲ್ಲ, ಹಲವು ಕ್ಷಣಗಳಿಂದ ಚೂರುಚೂರು ಹೋಗುತ್ತದೆ. ಆ ಚೂರುಗಳನ್ನು ಜೊತೆಗಿಟ್ಟ ತಪಾಸಣೆ ಅಂಕಿಗಳಿಂದ ಲೆಕ್ಕ ಮಾಡಿ ವಾಪಸ್ ತರಬಹುದು. ಈ ಲೆಕ್ಕದ ಮೂಲ 1960ರಲ್ಲಿ ರೀಡ್ ಮತ್ತು ಸಾಲೊಮನ್ ಎಂಬ ಇಬ್ಬರು ಗಣಿತಜ್ಞರು ಪ್ರಕಟಿಸಿದ ಒಂದು ಪುಟ್ಟ ಪ್ರಬಂಧ. ಸಾಲಿನ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರ್ ಪೂರ್ತಿ ಅಳಿಸಿಹೋದರೂ ಹಾಡು ಒಂದಂಕಿ ತಪ್ಪದೆ ಬರುತ್ತದೆ. ತೇಪೆ ಹಾಕಿದ್ದಲ್ಲ, ಅಂದಾಜು ಮಾಡಿದ್ದಲ್ಲ, ಅಸಲು ಅಂಕಿಯೇ. ಅದಕ್ಕಿಂತ ಜಾಸ್ತಿ ಹಾಳಾದರೆ ಮಾತ್ರ ಪ್ಲೇಯರ್ ಹಿಂದುಮುಂದು ನೋಡಿ ಅಂದಾಜಿನಲ್ಲಿ ತುಂಬುತ್ತದೆ. ಸಿಡಿಯನ್ನು ದುಂಡಗೆ ಒರೆಸಬೇಡಿ, ನಡುವಿನಿಂದ ಅಂಚಿಗೆ ನೇರ ಒರೆಸಿ ಅನ್ನುವುದಕ್ಕೂ ಇದೇ ಕಾರಣ. ಸಾಲಿನ ಗುಂಟ ಬಿದ್ದ ಗೀರು ಒಂದೇ ಕಡೆ ಉದ್ದಕ್ಕೆ ತಿನ್ನುತ್ತದೆ, ಅಡ್ಡ ಬಿದ್ದ ಗೀರು ಒಂದೊಂದು ಸುತ್ತಿನಲ್ಲೂ ಚೂರು ಮಾತ್ರ.

ಈಗ ಮೂರು ಸಿಡಿಯ ವಿಷಯಕ್ಕೆ ಬರೋಣ. 1985ರಲ್ಲಿ ಅಚ್ಚಾದ ಒಂದು ಸಿಡಿ ಇಂದಿಗೂ ಅಂದಿನ ಅಂಕಿಗಳನ್ನೇ ಕೊಡುತ್ತದೆ. ಇದನ್ನು ನಂಬಿಕೆ ಮೇಲೆ ಒಪ್ಪಬೇಕಿಲ್ಲ, ಪರೀಕ್ಷಿಸಬಹುದು. ಸಿಡಿಯನ್ನು ಕಂಪ್ಯೂಟರಿಗೆ ಇಳಿಸುವವರಿಗಾಗಿ ಆಕ್ಯುರೇಟ್‌ರಿಪ್ ಎಂಬ ಒಂದು ವ್ಯವಸ್ಥೆ ಇದೆ. ನಿಮ್ಮ ಡ್ರೈವ್ ಓದಿದ ಹಾಡಿನ ಅಂಕಿಗಳಿಂದ ಒಂದು ಮೊತ್ತ ತೆಗೆದು, ಪ್ರಪಂಚದ ಬೇರೆ ಬೇರೆ ಕಡೆಯವರು ಅದೇ ಸಿಡಿಯಿಂದ ತೆಗೆದ ಮೊತ್ತದ ಜೊತೆ ಹೋಲಿಸುತ್ತದೆ. ಒಂದೇ ಒಂದು ಅಂಕಿ ಬದಲಾದರೂ ಮೊತ್ತ ಹೊಂದುವುದಿಲ್ಲ. ಯಾರೋ ಎಲ್ಲೋ ಬೇರೆ ಡ್ರೈವಿನಲ್ಲಿ ಓದಿದ್ದಕ್ಕೂ ನಿಮ್ಮದಕ್ಕೂ ತಾಳೆಯಾಯಿತು ಅಂದರೆ ಮುಗೀತು, ಎರಡೂ ಒಂದೇ. ಸಂಗ್ರಹ ಮಾಡುವವರಿಗೆ ಇಂಥ ಖಾತ್ರಿ ಎಲ್‌ಪಿಯಲ್ಲಿ ಇಲ್ಲ, ಕ್ಯಾಸೆಟ್ಟಿನಲ್ಲಂತೂ ಕೇಳಲೇಬೇಡಿ.

ಆದರೆ ಅದೇ ಆಲ್ಬಂ ಹತ್ತು ವರ್ಷ ಬಿಟ್ಟು "ರೀಮಾಸ್ಟರ್ಡ್", ಅಂದರೆ ಧ್ವನಿಯನ್ನು ಹೊಸದಾಗಿ ಹದ ಮಾಡಿದ್ದು ಅಂತ ಹೊಸ ಕವರ್ ಹಾಕಿಕೊಂಡು ಬಂದಾಗ ಒಳಗಿನ ಅಂಕಿಗಳೇ ಬೇರೆ. 65,536 ಮೆಟ್ಟಿಲು ಅಂದೆನಲ್ಲ, ಅದರ ಮೇಲೆ ಹೋಗಲು ಜಾಗವಿಲ್ಲ. ಅದು ಸೂರು. 1980ರ ದಶಕದ ಎಷ್ಟೋ ಸಿಡಿಗಳಲ್ಲಿ ಹಾಡು ಸೂರಿನಿಂದ ಸಾಕಷ್ಟು ಕೆಳಗೇ ಓಡಾಡಿಕೊಂಡು, ಡ್ರಮ್ಮಿನ ಪೆಟ್ಟು ಬಿದ್ದಾಗ ಮಾತ್ರ ಮೇಲಕ್ಕೆ ನೆಗೆಯುತ್ತದೆ. 90ರ ದಶಕದಲ್ಲಿ ನಮ್ಮ ಹಾಡು ಪಕ್ಕದವರ ಹಾಡಿಗಿಂತ ಜೋರಾಗಿ ಕೇಳಬೇಕು ಅನ್ನುವ ಪೈಪೋಟಿ ಶುರುವಾಯಿತು. ಪೆಟ್ಟುಗಳ ತಲೆ ಅದುಮಿ, ಮಿಕ್ಕಿದ್ದನ್ನೆಲ್ಲ ಎತ್ತಿ ಸೂರಿಗೆ ಒತ್ತಿದರು. ಮೆಲ್ಲಗೆ ಹಾಡುವ ಜಾಗವೂ ಜೋರು, ಜೋರಿನ ಜಾಗವೂ ಅಷ್ಟೇ ಜೋರು. 2008ರಲ್ಲಿ ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' ಬಂದಾಗ ಅಭಿಮಾನಿಗಳೇ ಗಲಾಟೆ ಮಾಡಿದರು. ಅದೇ ಹಾಡುಗಳು ಒಂದು ವಿಡಿಯೋ ಗೇಮಿನಲ್ಲಿ ಸಿಡಿಗಿಂತ ಚೆನ್ನಾಗಿ, ಒಡೆಯದೆ ಕೇಳಿಸುತ್ತಿದ್ದವು!

ಸಿಡಿ ಧ್ವನಿ ಒಣಕಲು, ಎಲ್‌ಪಿ ಬೆಚ್ಚಗೆ ಅನ್ನುವ ಮಾತಿನ ಬಹುಪಾಲು ಹುಟ್ಟಿದ್ದು ಇಂಥ ಕೆಲಸದಿಂದಲೇ ಅಂತ ನನ್ನ ಲೆಕ್ಕ. ಹಾಗಂತ ಹಳೇದೆಲ್ಲ ಚಿನ್ನವೂ ಅಲ್ಲ. ಶುರುವಿನ ಕೆಲವು ಸಿಡಿಗಳನ್ನು ಎಲ್‌ಪಿಗೆಂದು ತಿದ್ದಿದ ಟೇಪಿನಿಂದಲೇ ಸುಮ್ನೆ ಎತ್ತಿ ಅಚ್ಚು ಹಾಕಿದ್ದರು, ಅವು ಕೇಳಲು ನೀರಸ. ಸ್ಟ್ರೀಮಿಂಗಿನಲ್ಲಿ ಈಗ ಸಿಡಿಯಷ್ಟೇ, ಅಥವಾ ಅದಕ್ಕೂ ಮಿಗಿಲಾದ ಗುಣಮಟ್ಟ ಸಿಗುತ್ತದೆ, ಆಪಲ್ ಮ್ಯೂಸಿಕ್ 2021ರಿಂದಲೇ ಕೊಡುತ್ತಿದೆ. ಗುಣಮಟ್ಟದ ಜಗಳ ಅಲ್ಲಿಗೆ ಮುಗಿಯಿತು. ಆದರೆ ಯಾವ ಮಾಸ್ಟರ್, ಅಂದರೆ ಹದ ಮಾಡಿದ ಯಾವ ಪ್ರತಿ ಬರುತ್ತಿದೆ ಅನ್ನುವುದು ನಿಮ್ಮ ಕೈಯಲ್ಲಿಲ್ಲ. ನಿನ್ನೆ ಕೇಳಿದ್ದನ್ನು ಇವತ್ತು ಬದಲಾಯಿಸಿದರೆ ಗೊತ್ತಾಗುವುದೂ ಇಲ್ಲ.

ನಮ್ಮ ಕಡೆ ಸಿಡಿ ಅಂದಾಗ ಬಹಳ ಜನಕ್ಕೆ ನೆನಪಾಗುವುದು ನೂರೈವತ್ತು ಹಾಡು ತುಂಬಿದ ಎಂಪಿ3 ಸಿಡಿ. ಅದರ ಕಥೆ ಬೇರೆ. ಆಡಿಯೋ ಸಿಡಿಯಲ್ಲಿ ಸೆಕೆಂಡಿಗೆ 14 ಲಕ್ಷ ಬಿಟ್ ಓಡಿದರೆ, ಸಾಮಾನ್ಯ ಎಂಪಿ3ಯಲ್ಲಿ 1,28,000. ಹನ್ನೊಂದರಲ್ಲಿ ಒಂದು ಪಾಲು. ಅಂಥವನ್ನು ಹೊಲದಲ್ಲಿ ಹಕ್ಕಿ ಓಡಿಸಲು ನೇತು ಹಾಕಿದರೆ ಸಂಗ್ರಹಕಾರರಿಗೆ ಹೊಟ್ಟೆ ಉರಿಯುವುದಿಲ್ಲ. ಮನೆಯಲ್ಲೇ ಬರೆದ ಸಿಡಿ-ಆರ್ ಕೂಡ ನಂಬಿಕೆಯದಲ್ಲ. ಅದರಲ್ಲಿ ಗುಳಿ ಇರುವುದಿಲ್ಲ, ಲೇಸರ್ ಸುಟ್ಟ ಬಣ್ಣದ ಪದರ ಇರುತ್ತದೆ, ಬಿಸಿಲಿಗೆ ಹಾಳಾಗುತ್ತದೆ.

ಸೆಕೆಂಡ್ ಹ್ಯಾಂಡ್ ಸಿಡಿ ಸಿಕ್ಕರೆ ಕವರ್ ನೋಡಿ ಖುಷಿಪಡುವ ಮೊದಲು ತಟ್ಟೆ ತಿರುಗಿಸಿ, ನಡುವಿನ ತೂತಿನ ಸುತ್ತ ಇರುವ ಕನ್ನಡಿಯಂಥ ಪಟ್ಟಿ ನೋಡಿ. ಅಲ್ಲಿ ಸಣ್ಣಗೆ ಅಕ್ಷರ, ಅಂಕಿ ಕೊರೆದಿರುತ್ತದೆ. ಅದು ಮ್ಯಾಟ್ರಿಕ್ಸ್ ನಂಬರ್, ಆ ತಟ್ಟೆಯ ಜಾತಕ. ಯಾವ ಕಾರ್ಖಾನೆ, ಯಾವ ಅಚ್ಚು ಅನ್ನುವುದು ಅದರಿಂದ ತಿಳಿಯುತ್ತದೆ. ಐಎಫ್‌ಪಿಐ (IFPI, ಸಂಗೀತ ಕಂಪನಿಗಳ ಅಂತರರಾಷ್ಟ್ರೀಯ ಸಂಘ) ಅನ್ನುವ ನಾಲ್ಕು ಅಕ್ಷರ ಇದ್ದರೆ ಅದು 1994 ಅಥವಾ ಆಮೇಲಿನದು, ಏಕೆಂದರೆ ಆ ಗುರುತು ಶುರುವಾದದ್ದೇ ಆಗ. "ಮೇಡ್ ಇನ್ ವೆಸ್ಟ್ ಜರ್ಮನಿ" ಅಂತಿದ್ದರೆ ಹೆಚ್ಚುಕಡಿಮೆ 1990ಕ್ಕೂ ಮುಂಚಿನದು, ಆ ಹೆಸರಿನ ದೇಶವೇ ಈಗ ಇಲ್ಲ.

ಆಮೇಲೆ ಬೆಳಕಿಗೆ ಹಿಡಿದು ನೋಡಿ. ಸೂಜಿ ಚುಚ್ಚಿದ ಹಾಗೆ ಚುಕ್ಕಿ ಚುಕ್ಕಿ ಬೆಳಕು ಬಂದರೆ ಅಲ್ಲಿ ಲೇಸರ್ ಬೆಳಕನ್ನು ವಾಪಸ್ ಕಳಿಸುವ ಅಲ್ಯೂಮಿನಿಯಂ ಪದರ ಹೋಗಿದೆ. ಒಂದೆರಡು ಇದ್ದರೆ ಪರವಾಗಿಲ್ಲ, ಜಾಸ್ತಿ ಇದ್ದರೆ ವಾಪಸ್ ಇಡಿ. ಅಂಚಿನಿಂದ ಕಂದು ಬಣ್ಣ ಹತ್ತಿದ್ದರೆ ಅದು ಇನ್ನೊಂದು ರೋಗ. 1988ರಿಂದ 1993ರ ತನಕ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆಯಲ್ಲಿ ಅಚ್ಚಾದ ಕೆಲವು ಸಿಡಿಗಳ ಮೇಲ್ಪದರಕ್ಕೆ, ಕವರಿನ ಕಾಗದದಲ್ಲಿದ್ದ ಗಂಧಕ ತಡೆಯುವ ಶಕ್ತಿ ಇರಲಿಲ್ಲ, ಹಾಗಾಗಿ ಅವು ತಾವೇ ಕಂದಾದವು. ಕೆಳಗಿನ ಹೊಳೆಯುವ ಬದಿಯ ಗೀರಿಗೆ ಜಾಸ್ತಿ ಹೆದರಬೇಕಿಲ್ಲ, ಅದರ ಕೆಳಗೆ ಒಂದು ಮಿಲಿಮೀಟರಿಗೂ ದಪ್ಪ ಪ್ಲಾಸ್ಟಿಕ್ ಇದೆ, ಪಾಲಿಶ್ ಮಾಡಿಸಬಹುದು. ಹೆದರಬೇಕಾದ್ದು ಹೆಸರು ಬರೆದಿರುವ ಬದಿಯ ಗೀರಿಗೆ. ಅಲ್ಲಿ ಲೋಹದ ಮೇಲೆ ಇರುವುದು ತೆಳ್ಳನೆ ಲ್ಯಾಕರ್ (ವಾರ್ನಿಷ್‌ನಂಥ ಲೇಪ) ಮತ್ತು ಶಾಯಿ ಅಷ್ಟೇ. ಹೆಸರಿನ ಬದಿಗೆ ಸ್ಟಿಕ್ಕರ್ ಅಂಟಿಸಿದ ಸಿಡಿ ಬಂದರೆ ಕೀಳಲು ಹೋಗಬೇಡಿ, ಅದರ ಜೊತೆ ಹಾಡೂ ಕಿತ್ತು ಬರುತ್ತದೆ.