ಕಿಟಕಿ ಮುಚ್ಚಿದೆ, ನೀರು ಎಲ್ಲಿಂದ?

ಜುಲೈ-ಆಗಸ್ಟ್‌ನ ಜಡಿಮಳೆಯ ಕಕ್ಕಡ ತಿಂಗಳು ಬಂತೆಂದರೆ ಮಡಿಕೇರಿಯ ನಮ್ಮ ಮನೆಯಲ್ಲಿ ಅಡುಗೆಮನೆ ಕಿಟಕಿಯ ಕೆಳಗೆ ಹಳೇ ಟವೆಲ್ ಒಂದು ಕಾಯಂ. ಕಿಟಕಿ ಮುಚ್ಚಿರುತ್ತದೆ, ಗಾಜು ಒಡೆದಿಲ್ಲ. ಆದರೂ ಬೆಳಿಗ್ಗೆ ಟವೆಲ್ ಹಿಂಡುವಷ್ಟು ಒದ್ದೆ.

ಇಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ ಮಳೆ. ಅದೂ ನೆಟ್ಟಗೆ ಬೀಳುತ್ತದಾ? ಗಾಳಿಯ ಜೊತೆ ಅಡ್ಡಡ್ಡ ಬಂದು ಗೋಡೆಗೆ ಬಡಿಯುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಗಾಳಿ ನಿಂತ ನೀರನ್ನು ಸುಮಾರು 17 ಮಿ.ಮೀ. ಮೇಲಕ್ಕೆ ತಳ್ಳಬಲ್ಲದು. ಚೌಕಟ್ಟಿನ ಒಳ ಅಂಚು ಅದಕ್ಕಿಂತ ಗಿಡ್ಡವಿದ್ದರೆ ನೀರು ದಾಟಿ ಒಳಗೆ ಬಂತು ಅಂತಲೇ ಲೆಕ್ಕ. ಗಾಳಿ ಇಲ್ಲದಿದ್ದರೂ ನೀರು ಸುಮ್ನಿರುವುದಿಲ್ಲ. ಅರ್ಧ ಮಿ.ಮೀ. ಸಂದು ಸಿಕ್ಕರೆ, ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ, ತಾನೇ 3 ಸೆಂ.ಮೀ.ನಷ್ಟು ಏರುತ್ತದೆ.

ಮರದ ಚೌಕಟ್ಟಾದರೆ ಅಂಥ ಸಂದು ಹುಟ್ಟದೇ ಇರುವುದೇ ಕಷ್ಟ. ಮರ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಪಕ್ಕದ ಸಿಮೆಂಟ್ ಗಾರೆ ಹಾಗೆ ಕುಗ್ಗಿ ಹಿಗ್ಗುವುದಿಲ್ಲ. ಎರಡರ ನಡುವೆ ಕೂದಲೆಳೆಯ ಬಿರುಕು.

ಕೊಡವ ಕುಟುಂಬಗಳ ಮೂಲಮನೆಗಳಾದ ಹಳೇ ಐನ್‌ಮನೆಗಳಲ್ಲಿ ಈ ತಲೆನೋವು ಕಡಿಮೆ. ಮಾಡು ಮುಂದಕ್ಕೆ ಚಾಚಿ ಕಯ್ಯಾಲೆಯನ್ನೆಲ್ಲ, ಅಂದರೆ ಮುಂದಿನ ಜಗಲಿಯನ್ನೆಲ್ಲ, ಮುಚ್ಚಿರುತ್ತದೆ, ಮುಂಬಾಗಿಲಿಗೆ ಮಳೆ ತಾಗುವುದೇ ಅಪರೂಪ. ನಮ್ಮದು ಒಂದೂವರೆ ಅಡಿ ಸಜ್ಜಾ, ಅದರ ಅಂಚಿನ ಅಡಿಯಲ್ಲಿ ಗೀರು ಕೂಡ ಇಲ್ಲ. ನೀರು ಸಿಮೆಂಟಿಗೆ ಅಂಟಿಕೊಂಡೇ ಹಿಂದಕ್ಕೆ ಹರಿದು ಗೋಡೆ ಸೇರುತ್ತದೆ. ಬೆರಳಗಲದ ಒಂದು ಗೀರು ತೋಡಿದ್ದರೆ ಹನಿ ಅಲ್ಲೇ ಕಡಿದು ಬೀಳುತ್ತಿತ್ತು. ಮೇಸ್ತ್ರಿಗೆ ಅರ್ಧ ಗಂಟೆ ಕೆಲಸ, ಅಷ್ಟೇ.

ಹೋದ ವರ್ಷ ರೇಗಿ, ಸಿಲಿಕಾನ್ ಟ್ಯೂಬ್ ತಂದು ಕಂಡಕಂಡ ತೂತೆಲ್ಲ ಮುಚ್ಚಿದೆ. ಸೋರುವುದು ಇನ್ನೂ ಜಾಸ್ತಿಯಾಯಿತು! ಅಲ್ಯೂಮಿನಿಯಂ ಕಿಟಕಿಯ ಹಳಿಯಲ್ಲಿ ಹೊರಗಡೆಗೆ ಎರಡು ಸಣ್ಣ ತೂತುಗಳಿದ್ದವು. ಅವು ತಪ್ಪಿ ಆದದ್ದಲ್ಲ, ಒಳಗೆ ಬಂದ ನೀರು ವಾಪಸ್ ಹೋಗಲೆಂದೇ ಕೊರೆದದ್ದು. ನೀರು ಬರದ ಹಾಗೆ ಪೂರ್ತಿ ತಡೆಯಲು ಹೋಗಿ, ಬಂದದ್ದು ಹೋಗುವ ದಾರಿಯನ್ನೇ ನಾನು ಮುಚ್ಚಿದ್ದೆ.

ಸೂಜಿಯಿಂದ ಸಿಲಿಕಾನ್ ಕೆದಕಿ ತೆಗೆದೆ. ಆ ರಾತ್ರಿ ಟಾರ್ಚ್ ಹಿಡಿದು ಕೂತು ನೋಡಿದೆ. ಗಾಳಿ ಬೀಸಿದಾಗ ಹಳಿಯಲ್ಲಿ ನೀರು ಏರುತ್ತದೆ, ಅಂಚಿನ ಹತ್ತಿರ ಬಂದು ನಡುಗುತ್ತದೆ. ಗಾಳಿ ಉಸಿರು ಬಿಟ್ಟ ಕೂಡಲೇ ತೂತಿನಿಂದ ಗುಳುಗುಳು ಅಂತ ಹೊರಗೆ.