ಕರ್ನಲ್‌ಗೆ ಒಂದೇ ಲಾಕ್ ಸಾಲದೇ?

ಪ್ರಶ್ನೆ: ಆಪರೇಟಿಂಗ್ ಸಿಸ್ಟಂ ವಿಷಯದ ಪ್ರಾಜೆಕ್ಟ್‌ಗಾಗಿ ಸಣ್ಣ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು ಭಾಗ) ಒಂದನ್ನು ಬರೆಯುತ್ತಿದ್ದೇವೆ. ಥ್ರೆಡ್‌ಗಳು (ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆಗಳು) ಹೆಚ್ಚಿದಂತೆ ಲಾಕ್‌ಗಳೂ (ಒಂದು ಸಲಕ್ಕೆ ಒಂದೇ ಥ್ರೆಡ್‌ಗೆ ದಾರಿ ಬಿಡುವ ಬೀಗಗಳು) ಹೆಚ್ಚಿ, ಆಗಾಗ ಎಲ್ಲವೂ ಸ್ತಬ್ಧವಾಗುತ್ತದೆ. ಅವನ್ನೆಲ್ಲ ತೆಗೆದು ಒಂದೇ ದೊಡ್ಡ ಲಾಕ್ ಇಡಬಹುದೇ? – ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಕಲಬುರಗಿ

ಕಲಿಕೆಯ ಕರ್ನಲ್‌ಗೆ ಅದು ಸಾಲುತ್ತದೆ. ಅಲ್ಲಿಂದ ಆರಂಭಿಸುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. 1996ರಲ್ಲಿ ಬಂದ ಲಿನಕ್ಸ್ 2.0 ಕೂಡ ಹಲವು ಪ್ರೊಸೆಸರ್‌ಗಳನ್ನು ನಿಭಾಯಿಸಲು ಇಡೀ ಕರ್ನಲ್‌ಗೆ ‘ಬಿಗ್ ಕರ್ನಲ್ ಲಾಕ್’ ಎಂಬ ಒಂದೇ ಲಾಕ್ ಇಟ್ಟುಕೊಂಡಿತ್ತು. ತೊಗರಿಯ ಸುಗ್ಗಿಯಲ್ಲಿ ನಿಮ್ಮೂರಿನ ಎಪಿಎಂಸಿ ಪ್ರಾಂಗಣಕ್ಕೆಲ್ಲ ಒಂದೇ ತಕ್ಕಡಿ ಇದ್ದರೆ ಎಷ್ಟು ಹಮಾಲರಿದ್ದರೂ ಕೆಲಸ ಮುಂದೆ ಸಾಗದು. ಪ್ರೊಸೆಸರ್‌ಗಳು ಹೆಚ್ಚಿದಾಗ ಆ ಲಾಕ್‌ನ ಮುಂದೆಯೂ ಅದೇ ಆಯಿತು. ಅದನ್ನು ಪೂರ್ತಿ ಕಿತ್ತುಹಾಕಲು 2011ರ 2.6.39 ಆವೃತ್ತಿಯವರೆಗೆ ಕಾಯಬೇಕಾಯಿತು. ಹಿಡಿದ ಥ್ರೆಡ್ ನಿದ್ರೆಗೆ ಜಾರಿದರೆ, ಅಂದರೆ ಯಾವುದಕ್ಕೋ ಕಾಯುತ್ತಾ ಪ್ರೊಸೆಸರ್ ಬಿಟ್ಟುಕೊಟ್ಟರೆ, ಆ ಲಾಕ್ ತಾನಾಗಿಯೇ ಬಿಡುಗಡೆಯಾಗುತ್ತಿತ್ತು, ಒಂದೇ ಥ್ರೆಡ್ ಅದನ್ನು ಮತ್ತೆ ಮತ್ತೆ ಹಿಡಿಯಬಹುದಿತ್ತು. ಇವೆರಡನ್ನೂ ನೆಚ್ಚಿಕೊಂಡ ಕೋಡ್ ಎಲ್ಲೆಡೆ ಹರಡಿತ್ತು. ಅದಕ್ಕಿಂತ ಮುಖ್ಯವಾಗಿ, ಅದು ಯಾವ ದತ್ತಾಂಶವನ್ನು ಕಾಯುತ್ತಿದೆಯೆಂದು ಎಲ್ಲಿಯೂ ಸ್ಪಷ್ಟವಾಗಿರಲಿಲ್ಲ.

ಆದ್ದರಿಂದ ಲಾಕ್ ಕಾಯಬೇಕಾದದ್ದು ಕೋಡ್ ಅನ್ನಲ್ಲ, ದತ್ತಾಂಶವನ್ನು. ಪ್ರತಿ ಲಾಕ್‌ನ ಪಕ್ಕದಲ್ಲಿ ಅದು ಕಾಯುವ ಕ್ಷೇತ್ರಗಳ ಹೆಸರನ್ನು ಕಾಮೆಂಟ್ ಆಗಿ ಬರೆಯಿರಿ. ಬರೆಯಲು ಆಗದಿದ್ದರೆ ಆ ಲಾಕ್‌ನ ವಿನ್ಯಾಸವನ್ನೇ ಮರುಚಿಂತಿಸಬೇಕು.

ಥ್ರೆಡ್ ಸೃಷ್ಟಿಯಲ್ಲಂತೂ ಲಾಕ್‌ನ ಅಗತ್ಯ ನೀವು ಭಾವಿಸಿರುವುದಕ್ಕಿಂತ ಬಹಳ ಕಡಿಮೆ. ಥ್ರೆಡ್‌ನ ವಿವರ ಹೊತ್ತ ಸ್ಟ್ರಕ್ಚರ್‌ಗೆ ಜಾಗ ಪಡೆಯುವುದು, ಅದಕ್ಕೊಂದು ಸ್ಟ್ಯಾಕ್ (ಫಂಕ್ಷನ್ ಕರೆಗಳಿಗೆ ಬೇಕಾದ ಮೆಮೊರಿ) ಕೊಡುವುದು, ಮೊದಲ ಸಲ ಸರದಿ ಬಂದಾಗ ಸರಿಯಾದ ಫಂಕ್ಷನ್‌ನಿಂದಲೇ ಓಟ ಆರಂಭವಾಗುವಂತೆ ಪ್ರೊಸೆಸರ್‌ನ ರಿಜಿಸ್ಟರ್‌ಗಳ ಮೌಲ್ಯಗಳನ್ನು ತುಂಬುವುದು, ಇವೆಲ್ಲ ನಡೆಯುವಾಗ ಆ ಥ್ರೆಡ್ ಬೇರೆ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ, ಮೆಮೊರಿ ಹಂಚುವ ಭಾಗವೂ ತನ್ನ ಲಾಕ್ ಅನ್ನು ತಾನೇ ನೋಡಿಕೊಳ್ಳುತ್ತದೆ. ಎಲ್ಲವೂ ಸಿದ್ಧವಾದ ಮೇಲೆ ಅದನ್ನು ಓಡಲು ಕಾದಿರುವ ಥ್ರೆಡ್‌ಗಳ ಸರದಿ ಸಾಲಿಗೆ ಸೇರಿಸುವ ಕೊನೆಯ ಹೆಜ್ಜೆಗೆ ಮಾತ್ರ ಸಾಲಿನ ಲಾಕ್ ಹಿಡಿದರೆ ಸಾಕು. ಈ ಕ್ರಮ ತಪ್ಪಿ ಮೊದಲೇ ಸಾಲಿಗೆ ಸೇರಿಸಿದರೆ, ಅರೆಸಿದ್ಧ ಥ್ರೆಡ್ ಅನ್ನು ಶೆಡ್ಯೂಲರ್ (ಮುಂದೆ ಯಾವ ಥ್ರೆಡ್ ಓಡಬೇಕೆಂದು ಆರಿಸುವ ಭಾಗ) ಓಡಿಸಿಬಿಡುತ್ತದೆ. ಸೃಷ್ಟಿಸುವ ಫಂಕ್ಷನ್ ಕೂಡ ಒಂದೇ ಇರಲಿ: ಲಿನಕ್ಸ್‌ನಲ್ಲಿ ಪ್ರಾಸೆಸ್ (ಓಡುತ್ತಿರುವ ಪ್ರೋಗ್ರಾಂ) ಮತ್ತು ಥ್ರೆಡ್ ಎರಡಕ್ಕೂ ಒಂದೇ ಬಗೆಯ ಸ್ಟ್ರಕ್ಚರ್ ಇದೆ, ಮೆಮೊರಿ ಮತ್ತು ತೆರೆದ ಫೈಲ್‌ಗಳಲ್ಲಿ ಯಾವುದನ್ನು ಹಂಚಿಕೊಳ್ಳಬೇಕೆಂದು ‘ಕ್ಲೋನ್’ ಕರೆಯ ಫ್ಲ್ಯಾಗ್‌ಗಳು ಹೇಳುತ್ತವೆ. ಸಣ್ಣಪುಟ್ಟ ಕೆಲಸಗಳಿಗೆ ಹೊಸ ಥ್ರೆಡ್ ಬೇಡ. ಒಂದು ವರ್ಕ್‌ಕ್ಯೂ (ಈಗಾಗಲೇ ಇರುವ ಥ್ರೆಡ್‌ಗಳು ಮಾಡಿ ಮುಗಿಸುವ ಕೆಲಸಗಳ ಸಾಲು) ಇಟ್ಟು ಅದಕ್ಕೆ ಒಪ್ಪಿಸಿ.

ಇನ್ನು ಸ್ತಬ್ಧವಾಗುವುದರ ಬಗ್ಗೆ. ಎರಡು ಲಾಕ್‌ಗಳನ್ನು ಒಟ್ಟಿಗೆ ಹಿಡಿಯುವ ಕಡೆಯೆಲ್ಲ ಅವುಗಳ ಕ್ರಮ ಒಂದೇ ಆಗಿರಬೇಕು, ಇಲ್ಲದಿದ್ದರೆ ಎರಡು ಥ್ರೆಡ್‌ಗಳು ಒಂದರ ಲಾಕ್‌ಗೆ ಇನ್ನೊಂದು ಕಾಯುತ್ತಾ ನಿಂತುಬಿಡುತ್ತವೆ ಎಂಬುದು ನಿಮಗೆ ಗೊತ್ತಿರುತ್ತದೆ. ಹೊಸಬರ ಕರ್ನಲ್‌ನಲ್ಲಿ ಸುಲಭವಾಗಿ ಕಣ್ತಪ್ಪುವುದು ಇನ್ನೊಂದು ಕಾರಣ: ಸ್ಪಿನ್‌ಲಾಕ್ (ಸಿಗುವವರೆಗೆ ನಿದ್ರಿಸದೆ ಸುತ್ತುತ್ತಲೇ ಕಾಯಬೇಕಾದ ಲಾಕ್) ಹಿಡಿದಿರುವಾಗಲೇ ಅದೇ ಪ್ರೊಸೆಸರ್‌ಗೆ ಟೈಮರ್ ಇಂಟರಪ್ಟ್ (ಓಡುತ್ತಿರುವ ಕೆಲಸವನ್ನು ತಡೆಯುವ ಟೈಮರ್‌ನ ಸಂಕೇತ) ಬಂದು, ಅದಕ್ಕೆ ಸ್ಪಂದಿಸುವ ಹ್ಯಾಂಡ್ಲರ್ ಫಂಕ್ಷನ್ ಸಹ ಅದೇ ಲಾಕ್‌ಗೆ ಕೈಹಾಕಿದರೆ ಎರಡೂ ಮುಂದೆ ಹೋಗಲಾರವು. ಹ್ಯಾಂಡ್ಲರ್ ಮುಟ್ಟುವ ಲಾಕ್‌ಗಳನ್ನು ಹಿಡಿಯುವ ಮೊದಲು ಆ ಪ್ರೊಸೆಸರ್‌ನ ಇಂಟರಪ್ಟ್‌ಗಳನ್ನು ತಡೆದು, ಬಿಟ್ಟ ನಂತರ ಅವುಗಳ ಹಿಂದಿನ ಸ್ಥಿತಿಯನ್ನು ಮರಳಿಸಿ. ಇಂತಹ ಲಾಕ್ ಹಿಡಿದಾಗ ನಿದ್ರಿಸಬಲ್ಲ ಯಾವ ಫಂಕ್ಷನ್ ಅನ್ನೂ, ಕಾಯುವ ಥ್ರೆಡ್ ಅನ್ನು ನಿದ್ರೆಗೆ ಕಳಿಸುವ ಮ್ಯೂಟೆಕ್ಸ್ ಎಂಬ ಲಾಕ್ ಅನ್ನೂ ಸೇರಿಸಿ, ಕರೆಯಬಾರದು. ನಿಮ್ಮ ಶೆಡ್ಯೂಲರ್‌ನ ಸರದಿ ಸಾಲನ್ನು ಟೈಮರ್ ಹ್ಯಾಂಡ್ಲರ್ ಸಹ ಬಳಸುತ್ತಿದ್ದರೆ ಪರೀಕ್ಷೆಯನ್ನು ಅಲ್ಲಿಂದಲೇ ಆರಂಭಿಸಿ.